ಟನಿಕ್ಲಿಫ್‌ನ ಎಡಗೈ

ಬರ್ಸ್ಲಂನ ಹಳೆಯ ಕ್ಲಬ್ಬು, ಮೇಲಿನ ಅಂತಸ್ತು.
ಲಿಫ್ಟು ಕೆಟ್ಟಿದೆ ಎಂದು ಬಾಗಿಲಲ್ಲೇ ಚೀಟಿ.
ಟಿಕೆಟ್ಟು ಹಿಡಿದು ಬೇಗ ಬಂದ ತಪ್ಪಿಗೆ
ನಾಲ್ವರಲ್ಲಿ ನಾನೂ ಒಬ್ಬನಾಗಿ
ಹೊತ್ತೆ ಹ್ಯಾಮಂಡ್ ಆರ್ಗನ್ನು.
ಹೆಣಕ್ಕಿಂತ ಭಾರ; ಹೆಣವಾದರೆ
ತಿರುವಿನಲ್ಲಿ ಗೋಡೆಗೆ ತಾಗಿದರೂ ಬಯ್ಯುವವರಿಲ್ಲ.

"ಮೆಲ್ಲಗೆ, ಮೆಲ್ಲಗೆ" ಎನ್ನುತ್ತ ಕೆಳತುದಿಗೆ ಭುಜ ಕೊಟ್ಟವನು
ಎಪ್ಪತ್ತಾರರ ಮುದುಕ, ಕಂದು ಸ್ವೆಟರು,
ಕನ್ನಡಕಕ್ಕೆ ದಾರ.
ಕ್ಲಬ್ಬಿನ ಆಳು ಅಂದುಕೊಂಡೆ.
ಹ್ಯಾನ್ಲಿಯ ಹಳೇ ಸಾಮಾನಿನ ಅಂಗಡಿಯಲ್ಲಿ
ಒಂದೂವರೆ ಪೌಂಡಿಗೆ ಕೊಂಡ 'ಟಿನ್ ಕ್ಯಾಲೆಂಡರ್' ಬ್ಯಾಂಡಿನ ರೆಕಾರ್ಡು
ಮೂವತ್ತು ವರ್ಷ ಕೇಳಿದ್ದೇನೆ, ಮುಖ ಕಂಡವನಲ್ಲ.
ಹೊದಿಕೆಯ ಚಿತ್ರದಲ್ಲಿ ಗಿಟಾರಿನವನ ಕೂದಲ ಹಿಂದೆ
ಅರ್ಧ ಕಿವಿಯಷ್ಟೇ ಅವನು.

ಮೇಲೆ ನಲವತ್ತು ಕುರ್ಚಿ, ಇಪ್ಪತ್ತಾರು ಜನ.
ಹುಡುಗ ಗಿಟಾರಿಗೆ ಕೆಂಪು ಹಾಕಿದ, ಡ್ರಮ್ಮಿಗೆ ನೀಲಿ;
ನೆವಿಲ್ ಟನಿಕ್ಲಿಫ್‌ಗೆ
ತುರ್ತು ನಿರ್ಗಮನದ ಹಸಿರು ಬೋರ್ಡೇ ದೀಪ.
ಹೊಳೆವ ಮೇಲಂಗಿ ತೊಟ್ಟು ಕೀಬೋರ್ಡುಗಳ ಕೋಟೆ ಕಟ್ಟಿದವರ
ಹೆಸರು ಎಲ್ಲರ ಬಾಯಲ್ಲಿ.
ಇವನನ್ನು ಮರೆತರು ಅನ್ನುವಂತೆಯೂ ಇಲ್ಲ,
ಮರೆಯುವುದಕ್ಕೂ ಒಮ್ಮೆ ತಿಳಿದಿರಬೇಕಲ್ಲ.

ಶುರುವಾಯಿತು ಏಳರ ಲೆಕ್ಕದ ಆ ಉದ್ದನೆಯ ಹಾಡು.
ಮುಂದಿನ ಸಾಲಿನ ದಂಪತಿ ತಲೆದೂಗುತ್ತ ತಪ್ಪಿದರು,
ಹಿಡಿದರು, ಮತ್ತೆ ತಪ್ಪಿದರು.
ನನ್ನ ಬೆರಳಿಗೆ ತೊಡೆಯ ಮೇಲೆ ದಾರಿ ಗೊತ್ತು:
ತಕಿಟ ತಕದಿಮಿ, ತಕಿಟ ತಕದಿಮಿ.
ನಜರಬಾದಿನ ಓಣಿಯಲ್ಲಿ ಒಂದೂವರೆ ವರ್ಷಕ್ಕೇ ಬಿಟ್ಟ
ಮೃದಂಗದ ಪಾಠ
ಇಷ್ಟು ದೂರ ಬಂದು ಉಪಯೋಗಕ್ಕೆ ಬಿತ್ತು.

ಬಲಗೈ ಏನೇನೋ ಹೇಳುತ್ತಿತ್ತು, ಸರಿ.
ನಾನು ನೋಡಿದ್ದು ಎಡಗೈ.
ಹಿಟ್ಟಿನ ಹದ ನೋಡುವವಳಂತೆ
ಒತ್ತದೆ, ಸುಮ್ಮನೆ ಇಟ್ಟಿದ್ದ.
ಒಂದೇ ಸ್ವರ. ಮಂದ್ರದ್ದು.
ಬಿಯರಿಗೆ ಏಳುವವರು ಎದ್ದರು,
ಗಿಟಾರು ಅಳಬೇಕಾದಷ್ಟೂ ಅತ್ತಿತು,
ಹಿಂದಿನ ಪೆಟ್ಟಿಗೆಯೊಳಗೆ ಕೊಂಬು ತಿರುಗಿ ತಿರುಗಿ
ಗಾಳಿಯನ್ನು ನುಣ್ಣಗೆ ಬೀಸುತ್ತಿತ್ತು.

ಆಮೇಲೆ ಕೈ ಎತ್ತಿದ.

ಪಕ್ಕದ ಮನೆಯ ಗ್ರೈಂಡರು ತಟ್ಟನೆ ನಿಂತಾಗ
ಇಷ್ಟು ಹೊತ್ತೂ ತಿರುಗುತ್ತಿತ್ತೆಂದು ತಿಳಿಯುತ್ತದಲ್ಲ,
ಹಾಗೆ. ಇಪ್ಪತ್ತಾರು ಜನರ ಕಾಲಡಿಯ ನೆಲ
ಒಂದಂಗುಲ ಕುಸಿಯಿತು.
ಬಾರಿನವಳು ಲೋಟ ಒರೆಸುವುದು ಬಿಟ್ಟು ನೋಡಿದಳು.
ನೋಡಿದ್ದು ಗಿಟಾರಿನವನನ್ನು.

ಪಕ್ಕದಲ್ಲಿ ಇನ್ನೊಂದು ವಾದ್ಯ, ಮೆಲೊಟ್ರಾನ್.
ಒಂದೊಂದು ಮನೆಗೂ ಒಂದೊಂದು ಟೇಪು; ಎಂದೋ ಯಾರೋ
ನುಡಿಸಿ ಹೋದ ಪಿಟೀಲು ಅದರಲ್ಲಿ.
ಎಂಟು ಸೆಕೆಂಡು ಆಯುಸ್ಸು.
ಆಮೇಲೆ ಎಷ್ಟೇ ಒತ್ತು, ಸದ್ದಿಲ್ಲ.
ರೆಕಾರ್ಡಿನಲ್ಲಿ ಇದು ಗೊತ್ತಾಗಿರಲಿಲ್ಲ.
ಇಲ್ಲಿ ಕಂಡೆ: ಏಳನೆಯ ಸೆಕೆಂಡಿಗೆ
ಒಂದು ಬೆರಳು ಸರಿದು ಮತ್ತೊಂದಕ್ಕೆ ಜಾಗ ಬಿಡುತ್ತದೆ,
ಬಸ್ಸಿನಲ್ಲಿ ಇಳಿಯುವವನು ನಿಂತವನಿಗೆ
ಕಣ್ಣಲ್ಲೇ ಸೀಟು ತೋರಿಸುವಂತೆ.
ತೀರುವ ಮೊದಲೇ ಬಿಡುವುದು.
ಐವತ್ತೊಂಬತ್ತಾದರೂ ನನಗೆ ಬಾರದ ವಿದ್ಯೆ.

ಮುಗಿದ ಮೇಲೆ ಹೇಳಬೇಕೆಂದು ಹೋದೆ.
ಮೂವತ್ತು ವರ್ಷದ ಮಾತು, ಇಂಗ್ಲಿಷಿನಲ್ಲಿ ಜೋಡಿಸಿಟ್ಟಿದ್ದೆ.
ಮೊಣಕೈಗೂ ಹೆಬ್ಬೆರಳಿಗೂ ವೈರು ಸುತ್ತುತ್ತ ತಲೆ ಎತ್ತಿ
"ವ್ಯಾನಿನ ಹಿಂದಿರುವ ಬೂದು ಕಾರು ನಿಮ್ಮದಾ?" ಅಂದ.
ನನ್ನದೇ.
ತೆಗೆದೆ. ಮತ್ತೆ ಬಂದು ಭುಜ ಕೊಟ್ಟೆ.

ಏರಿಸಿದ್ದಕ್ಕಿಂತ ಇಳಿಸುವಾಗ ಭಾರ, ಯಾಕೋ.
ಕೆಳತುದಿಗೆ ಮತ್ತೆ ಅವನೇ;
ಆ ಬೆರಳುಗಳಿಗೆ ಏನಾದರೂ ಆದೀತೆಂದು
ನನ್ನ ಜೀವ ಬಾಯಿಗೆ ಬಂದಿತ್ತು.
ಕತ್ತಲ ಮೆಟ್ಟಿಲು. ಹಿಂದುಹಿಂದಕ್ಕೆ ಇಳಿಯುತ್ತ
ಉಸಿರಲ್ಲೇ ಎಣಿಸುತ್ತಿದ್ದ,
ಏಳಾದ ಮೇಲೆ ಎಂಟಿಲ್ಲ, ಮತ್ತೆ ಒಂದು.
ನಾನೂ ಸೇರಿಕೊಂಡೆ, ಕನ್ನಡದಲ್ಲಿ.
ಒಟ್ಟು ಹದಿನಾರು.
ಕೊನೆಗೆ ಎರಡು ಮೆಟ್ಟಿಲು ಉಳಿದವು.