ಎಣ್ಣೆಯ ಮುಳ್ಳು

ದೀಪ ಹಚ್ಚಿದರೆ ಎಣ್ಣೆ ಕಾಯುತ್ತದಂತೆ.
ಫೋನಿನಲ್ಲಿ ಹೀಗೇ ಅಂದರು ಫಡತರೆ ಸಾಹೇಬರು.
ಹಣತೆಯ ಮಾತಾಗಿದ್ದರೆ ಹೂಂ ಅನ್ನುತ್ತಿದ್ದೆ.
ಇದು ವಿಮಾನ.

ಭೋಸರಿಯಲ್ಲಿ, ಪೌಡರ್ ಕೋಟಿಂಗ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ
ಒಂಬತ್ತು ವರ್ಷ ಕೂತು ಅವರೇ ಕಟ್ಟಿದ್ದು.
ಎರಡು ಸೀಟು, ಬಟ್ಟೆಯ ರೆಕ್ಕೆ,
ಬಾಲವನ್ನು ಬೇವಿನ ಮರಕ್ಕೆ ಬಿಗಿದಿದ್ದರು
ತುಡುಗು ಎಮ್ಮೆಯನ್ನು ಕಟ್ಟಿದ ಹಾಗೆ.

ನಾನು ರಿಕ್ಷಾ, ಟೆಂಪೋಗಳ ವೈರಿಂಗಿನವನು.
ಅಥಣಿ ಡಿಪೋದಲ್ಲಿ ಪಳಗಿದ ಕೈ.
ನೆಲ ಬಿಡುವ ಯಾವುದನ್ನೂ ಮುಟ್ಟಿದವನಲ್ಲ.
"ತಾನು ಎಲ್ಲಿದ್ದೇನೆಂದು ಕರೆಂಟಿಗೇನು ಗೊತ್ತು?"
ಅಂದರು ಮರಾಠಿಯಲ್ಲಿ. ಅದೂ ಖರೆ ಅನ್ನಿಸಿ ಹೋದೆ.

ಇಂಜಿನ್ ಶುರುವಾಯಿತು. ಮುಳ್ಳು ಎಂಬತ್ತರಲ್ಲಿ, ಸಭ್ಯವಾಗಿ.
ಮುಂದಿನ ಲೈಟ್ ಹಾಕಿದರು: ತೊಂಬತ್ತೈದು.
ರೇಡಿಯೊದ ಗುಂಡಿ ಒತ್ತಿದರು: ನೂರಾ ಎರಡು.
ಎರಡನ್ನೂ ಬಿಟ್ಟರು. ಮತ್ತೆ ಎಂಬತ್ತು,
ಏನೂ ಆಗೇ ಇಲ್ಲವೆನ್ನುವ ಮುಖ.
ಎಣ್ಣೆ ಅಷ್ಟು ಬೇಗ ಕಾಯುವುದೂ ಇಲ್ಲ, ಆರುವುದೂ ಇಲ್ಲ.
ಇಷ್ಟು ತಿಳಿಯಲು ವಿಮಾನ ಕಲಿಯಬೇಕಿಲ್ಲ,
ಒಮ್ಮೆ ಮಿರ್ಚಿ ಭಜಿ ಕರಿದಿದ್ದರೆ ಸಾಕು.

ಅವರು ಮಾತ್ರ ಮಳೆಗಾಲ ಪೂರ್ತಿ ಎಣ್ಣೆಯನ್ನೇ ಅನುಮಾನಿಸಿದ್ದರು.
ಕೂಲರ್ ಎರಡು ಸಲ ಇಳಿಸಿ ಏರಿಸಿದ್ದರು,
ಹೊಸ ಗೇಜ್ ತರಿಸಿದ್ದರು.
ಹೊಸದೂ ಹಳೆಯದರ ಹಾಗೇ ಸುಳ್ಳು ಹೇಳಿತು.
ಒಂದೇ ಸುಳ್ಳನ್ನು ಇಬ್ಬರು ಹೇಳಿದರೆ
ಹೇಳಿಕೊಟ್ಟವರು ಮೂರನೆಯವರು.

ಸೆನ್ಸರ್ ಬಿಚ್ಚಿ, ಅದರ ಮೈಗೆ ಬ್ಯಾಟರಿಯಿಂದ ಬೇರೆ ತಂತಿ ಎಳೆದು
ಚಹಾದ ಪಾತ್ರೆಯಲ್ಲಿ ಕುದಿಸಿದೆವು.
ಸುಲಭಾತಾಯಿ ಬೈಯುತ್ತಲೇ ಪಾತ್ರೆ ಕೊಟ್ಟಿದ್ದರು.
ಪುಣೆಯ ಎತ್ತರಕ್ಕೆ ನೀರು ತೊಂಬತ್ತೆಂಟಕ್ಕೇ ಕುದಿಯುತ್ತದೆ;
ಮುಳ್ಳು ತೊಂಬತ್ತೆಂಟಕ್ಕೇ ಬಂದು ನಿಂತಿತು.
ಲೈಟ್ ಹಾಕಿದರೂ ಅಲುಗಲಿಲ್ಲ.

ಡಿಪೋದ ಮಕಾನದಾರ ಉಸ್ತಾದರು ಅರ್ಥಿಂಗ್ ಅನ್ನುತ್ತಿರಲಿಲ್ಲ,
ಅರ್ಥ ಅನ್ನುತ್ತಿದ್ದರು.
"ಮೊದಲ ಅರ್ಥ ನೋಡಲೇ, ಆಮ್ಯಾಲ ಮಾತಾಡು.
ಹೋದ ಕರೆಂಟು ತಿರುಗಿ ಮನಿಗೆ ಬರಬೇಕು.
ದಾರಿ ಕಟ್ಟಾದ್ರ
ಕಂಡವರ ಹಿತ್ತಲದಾಗ ಹಾದು ಬರ್ತದ."

ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ,
ಇನ್ನೊಂದು ಓಡುತ್ತಿರುವ ಇಂಜಿನ್ನಿನ ಬರಿಮೈಗೆ.
ಲೈಟ್ ಹಾಕ್ರಿ, ಅಂದೆ.
ಸೊನ್ನೆ ಇರಬೇಕಾದಲ್ಲಿ ಅರ್ಧ ವೋಲ್ಟು.

ಇಂಜಿನ್ನಿನಿಂದ ಹಿಂದಿನ ತಗಡಿಗೆ ಜಡೆಯಂತೆ ಹೆಣೆದ ತಾಮ್ರದ ಪಟ್ಟಿ.
ಬೋಲ್ಟು ಗಟ್ಟಿಯಾಗೇ ಇತ್ತು. ಬಿಚ್ಚಿದೆ.
ಕೆಳಗೆ ಹಳದಿ ಬಣ್ಣ,
ದಪ್ಪ, ನುಣುಪು, ಒಂದು ಗೀರೂ ಇಲ್ಲ.
ಪಕ್ಕದ ಅಂಗಡಿಯವನು ಸ್ನೇಹಕ್ಕೆ ಬಿಟ್ಟಿ ಮಾಡಿಕೊಟ್ಟಿದ್ದು.

ಸಾಹೇಬರು ಚಷ್ಮಾ ತೆಗೆದರು.
ಮೂವತ್ತೊಂದು ವರ್ಷ ಬೇರಿಂಗ್ ಕಾರ್ಖಾನೆಯಲ್ಲಿ
ಬೇರೆಯವರ ತಪ್ಪು ಹಿಡಿದು ಸಂಬಳ ಪಡೆದವರು.
ಏನೂ ಅನ್ನಲಿಲ್ಲ. ಮರಳು ಕಾಗದ ನನ್ನ ಕೈಯಿಂದ ತಗೊಂಡು
ತಾವೇ ಉಜ್ಜತೊಡಗಿದರು, ರೂಪಾಯಿಯಗಲ,
ಬಿಳಿ ಲೋಹ ಕಾಣುವವರೆಗೆ,
ಕಂಡ ಮೇಲೂ ಸ್ವಲ್ಪ ಹೊತ್ತು.

ಹಲ್ಲಿನ ವಾಷರ್ ಕೊಟ್ಟು ಬಿಗಿದೆವು.
ಲೈಟ್. ಎಂಬತ್ತು.
ರೇಡಿಯೊ. ಎಂಬತ್ತು.
ಬೇವಿನ ಮರವೊಂದೇ ಅಲುಗುತ್ತಿತ್ತು.

"ಮೊದಲ ಸಲ ಹಾರುವಾಗ ಪಕ್ಕದಲ್ಲಿ ಕೂರುತ್ತೀಯಾ?"
ಚಹಾ ಕುಡಿಯುತ್ತಿದ್ದೆ, ಕುಡಿಯುತ್ತಲೇ ಇದ್ದೆ.
ಅದೇ ಪಾತ್ರೆಯ ಚಹಾ, ತುಸು ಪೆಟ್ರೋಲು ವಾಸನೆ.

ಹೊರಗೆ ನನ್ನ ಸ್ಕೂಟರು.
ಅದರ ಮುಳ್ಳು ಆರು ವರ್ಷದಿಂದ ಅರ್ಧದಲ್ಲೇ ನಿಂತಿದೆ,
ತುಂಬಿಸಿದರೂ ಅರ್ಧ, ಬತ್ತಿದರೂ ಅರ್ಧ.
ಆಳಂದಿ ರಸ್ತೆಗೆ ಇಳಿಯುವ ಮೊದಲು ಎಂದಿನಂತೆ
ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ
ಕಿವಿಗೊಟ್ಟೆ.
ಒಳಗೆಲ್ಲೋ ತುಳುಕಿತು.
ಮನೆ ಮುಟ್ಟುವಷ್ಟು ಇರಬೇಕು.