ಸಾಗವಾನಿ ಹಲಗಿ

ಮುಚಖಂಡಿ ವಕೀಲರ ಹಲಗಿ
ನನ್ನ ಕೈಯಾಗ ಆರು ಸಲ ಬಂತು.
ಅವರ ಮದುವಿ ಮಂಚ ಮಾಡಿ
ಉಳಿದಿದ್ದ ತುಂಡಂತ ಅದು.

ಮೊದಲ ಸಲ:
ರಾ. ಬ. ಮುಚಖಂಡಿ, ಬಿ.ಎ., ಎಲ್‌ಎಲ್.ಬಿ.
ಕರಿ ನೆಲ, ಬಿಳಿ ಅಕ್ಷರ. ಎಂಟು ರೂಪಾಯಿ.
ಚುಕ್ಕಿ ಭಾಳ ಆದುವಲ್ರಿ, ಅಂದೆ.
ಚುಕ್ಕಿಗೂ ರೊಕ್ಕ ಹಿಡೀತಿಯೇನೋ ದಾವಲಸಾಬ, ಅಂತ ನಕ್ಕರು.
ಆಗ ಅವರಿಗೆ ಒಂದ ಕೋಟು, ಒಂದು ಸೈಕಲ್ಲು,
ಫೀ ಬದಲಿ ಕಕ್ಷಿದಾರರು ಇಟ್ಟು ಹೋದ ಬದನೀಕಾಯಿ.

ಆಮ್ಯಾಲ ನಗರಸಭೆ ಸದಸ್ಯ. ಆಮ್ಯಾಲ ಅಧ್ಯಕ್ಷ.
ಆಮ್ಯಾಲ ವಿಧಾನಸಭೆಗೆ ನಿಂತರು, ಬಿದ್ದರು.
ಮತ್ತ ನಿಂತರು. ಆರುನೂರಾ ಹನ್ನೊಂದು ಓಟಿಗೆ ಬಿದ್ದರು.
ಗ್ವಾಡಿ ಮ್ಯಾಲ ನಾನು ಬರದ ಹೆಸರು
ನಾನ ಸುಣ್ಣ ಹಚ್ಚಿ ಅಳಿಸಿದೆ, ಅದಕ್ಕೂ ರೊಕ್ಕ ಕೊಟ್ಟರು.
ಅಳಿಸೋದಕ್ಕ ಯಾರೂ ಕೊಡೂದಿಲ್ರಿ.
ಅದನ್ನ ನಾ ಮರತಿಲ್ಲ.

ಪಕ್ಷದವರು ಮೇಲ್ಮನಿಗೆ ಕಳಿಸಿದರು.
ಅಲ್ಲಿ ಸೋಲೂ ಭಯಾನ ಇಲ್ಲ ಬಿಡು
ಅಂತ ಚಾದಂಗಡ್ಯಾಗ ಮಂದಿ.
ವಿಧಾನ ಪರಿಷತ್ ಸದಸ್ಯರು:
ಹಲಗಿ ಸಾಲದ ಕಡೀ 'ರು' ಸಣ್ಣದಾತು.
ಇರಲಿ, ಅಂದರು, ಗೌರವ ಸಣ್ಣದಿದ್ರ ಚಲೋ.

ಮಂತ್ರಿ ಆದಾಗ ಬಂಗಾರದ ಬಣ್ಣ ಬೇಕಂತ ಪಿ.ಎ. ಹೇಳಿದ.
ಅದ ವಾರ ಸರಕಾರದ್ದೊಂದು ಕೆಲಸ ಸಿಕ್ತು:
ನೀರು ಬರೂ ಮನಿಗಳಿಗೆ ಕೆಂಪು ನಂಬರ್ ಹಾಕೂದು.
ನಂಬರಿಗೆ ಎಪ್ಪತ್ತೈದು ಪೈಸೆ.
ಆದೇಶದ ಕೆಳಗ ಸಹಿ ಅವರದ.
ಬ್ರಶ್ಶು ಒಂದ ಇತ್ತು. ಸೀಮಿ ಎಣ್ಣ್ಯಾಗ ಎಷ್ಟ ತೊಳದರೂ
ಬಂಗಾರದಾಗ ಚೂರು ಕೆಂಪು ಉಳೀತು.

ಹನ್ನೊಂದನೂರಾ ನಲವತ್ತೆರಡು ನಮ್ಮಕ್ಕನ ಮನಿ.
ಅರವತ್ತು, ನಂದು.
ಎಂಬತ್ತೇಳಕ್ಕ ಬಂದು ನಿಂತೆ, ಕೈ ಏಳಲಿಲ್ಲ.
ಅವರ ತಾಯಿ ಹೊಸ್ತಲದಾಗ ಕುಂತು ಅಕ್ಕಿ ಆರಸ್ತಿದ್ದಳು.
ಬರೀಯೋ, ಅಂದಳು. ನಮ್ಮದೊಂದ ಬಿಟ್ಟರ ಊರು ಏನಂದೀತು?
ಮಗ ಮೇಲ್ಮನ್ಯಾಗ, ತಾಯಿ ಕೆಳಮನ್ಯಾಗ.
ಘಟಪ್ರಭಾ ಹಿಮ್ಮುಖ ಹರಕೊಂತ ಬಂದಳು.

ನನ್ನ ಪರಿಹಾರದ ಚೆಕ್ಕು ಬಂತು, ದಾವಲಪ್ಪನ ಹೆಸರಿಗೆ.
ಬ್ಯಾಂಕಿನವ ವಾಪಸ್ ಕೊಟ್ಟ.
ಮಂತ್ರಿಗಳ ಕಡೆ ಹೋದೆ. ಫೋನ್ ಎತ್ತತಾರ ಅಂದಕೊಂಡಿದ್ದೆ.
ಹಾಳಿ ತಗೊಂಡರು, ಹಳೇ ವಕೀಲರ ಅಕ್ಷರದಾಗ
ಅರ್ಜಿ ಬರದು ಕೊಟ್ಟರು.
ಒಂದು ಅಕ್ಷರ ತಿದ್ದಾಕ ಹದಿನಾಕು ತಿಂಗಳು.
ಸಹಿ ಅವರದಾ, ಕಾಯೂದು ನಂದಾ,
ಇಬ್ಬರೂ ಒಂದ ಬೆಂಚಿನ ಮ್ಯಾಲ ಕುಂತಂಗ ಅನಿಸಿತ್ತು.

ಈಗ ನವನಗರ. ಸಾಲು ಮನಿ, ಸೆಕ್ಟರಿನ ನಂಬರು.
ಮೊನ್ನೆ ಕರಸಿದರು. ಹಲಗಿ ತೊಡಿ ಮ್ಯಾಲ ಇತ್ತು.
'ಮಾಜಿ' ಸೇರಸಲೇನ್ರಿ? ಎಡಕ್ಕ ಜಾಗ ಐತಿ.
ಬ್ಯಾಡ, ಎಲ್ಲಾ ಉಜ್ಜು.

ಉಜ್ಜಿದೆ. ಬಂಗಾರ ಹೋತು,
ಅದರ ಕೆಳಗ ನೀಲಿ, ನೀಲಿ ಕೆಳಗ ಬಿಳಿ,
ಆ ಎಂಟು ರೂಪಾಯಿ ಚುಕ್ಕಿಗಳು.
ಕಡೀಕ ಕಟ್ಟಿಗಿ ವಾಸನಿ.

ಏನು ಬರೀಲಿ?
ಭಾಳ ಹೊತ್ತು ಸುಮ್ಮನಿದ್ದರು.
ನಮ್ಮನಿ ನಂಬರ್ ಎಷ್ಟಿತ್ತೋ ದಾವಲಸಾಬ?
ಹೇಳಿದೆ. ಆ ಓಣಿವು ಎಲ್ಲಾ ನಂಬರೂ ನನಗ ಬಾಯಿಪಾಠ.
ಅಷ್ಟ ಬರಿ. ಕೆಂಪಿನಾಗ.

ಕೆಂಪು ತಂದಿಲ್ರಿ ಇವತ್ತು, ಅಂದೆ.

ಚೀಲದಾಗ ಇತ್ತು.