ಮಾವು ಸುಲಿದ ಕೈ

ಬೈತಖೋಲ ಬಂದರಿನಲ್ಲಿ ಲಿಲಾವಿನ ಲೆಕ್ಕ ಬರೆಯುವವಳು ನಾನು.
ಬಂಗಡೆ ಬುಟ್ಟಿಗೆ ಎಷ್ಟು, ಇಸವಣಕ್ಕೆ ಎಷ್ಟು,
ಕೂಗಿದ ಅಂಕಿ ಗಾಳಿಗೆ ಹೋಗುವ ಮೊದಲೇ
ಪುಸ್ತಕಕ್ಕೆ ಇಳಿಸಬೇಕು.
ಐದಕ್ಕೆ ಮೊದಲ ಬೋಟು.
ಅದಕ್ಕೂ ಮುಂಚೆ ನನ್ನದೇ ಒಂದು ಅಂಕಿ:

ಎಡಗೈಯ ಉಂಗುರ ಬೆರಳು. ತುದಿಯಲ್ಲ, ಬದಿ.
ಬದಿಗೆ ನೋವು ಕಮ್ಮಿ. ಇದನ್ನು
ಯಾವ ಡಾಕ್ಟರೂ ಹೇಳಲಿಲ್ಲ,
ಹನ್ನೊಂದು ವರ್ಷದ ಬೆರಳೇ ಹೇಳಿತು.
ಚುಚ್ಚಿ, ಹಿಂಡಿ, ಪಟ್ಟಿಗೆ ಮುಟ್ಟಿಸಿ ಕಾಯುತ್ತೇನೆ.
ಐದು, ನಾಲ್ಕು, ಮೂರು...
ದ್ವೀಪದ ದೀಪ ಕಿಟಕಿಯನ್ನೊಮ್ಮೆ ಸವರಿ ಹೋಗುವಷ್ಟರಲ್ಲಿ
ನೂರಾ ಮೂವತ್ತೆಂಟು.
ಸಾಕು. ಇದರ ಮೇಲೆ ಯಾರೂ ಕೂಗುವುದು ಬೇಡ.

ಎರಡು ಸೌಟು ಕುಚ್ಚಲಕ್ಕಿ ಗಂಜಿಗೆ ಆರು ಯೂನಿಟ್.
ಬುಟ್ಟಿ ಎತ್ತುವ ಕೆಲಸವೂ ಇದ್ದರೆ ನಾಲ್ಕು.
ಹೊಕ್ಕುಳ ಸುತ್ತ ದಿಕ್ಕು ಬದಲಿಸುತ್ತ
ನಿನ್ನೆ ಮೂಡಣ, ಇವತ್ತು ತೆಂಕಣ,
ಪಡುವಣದಲ್ಲಿ ಹಳೆಯ ಗಂಟೊಂದಿದೆ,
ಅಲ್ಲಿಗೆ ಹೋಗುವುದಿಲ್ಲ.

ಮೊದಲ ವರ್ಷ ಆಯಿ,
ತಣ್ಣಗಿರಬೇಕು ಎಂದಿದ್ದಷ್ಟನ್ನೇ ಕೇಳಿಸಿಕೊಂಡು,
ತಿಂಗಳ ಔಷಧಿಯನ್ನೆಲ್ಲ ಶೆಟ್ಲಿಯ ಪೆಟ್ಟಿಗೆಯಲ್ಲಿ
ಉಪ್ಪು ಬೆರೆಸಿದ ಮಂಜಿನೊಳಗೆ ಹೂತಿಟ್ಟಿದ್ದಳು.
ಬೆಳಗ್ಗೆ ಸೀಸೆಯ ತುಂಬ ಬಿಳಿ ಹರಳು.
ಮೀನಾದರೆ ಕರಗಿಸಿ ಮಾರಬಹುದಿತ್ತು.
ಆಯಿ ಅಳಲಿಲ್ಲ. ಕೋಡಿಬಾಗದ ಮೆಡಿಕಲ್ಲಿಗೆ ಹೋಗಿ
ಗಾಜಿನ ಮೇಜಿನ ಮೇಲೆ ಸೀಸೆಗಳನ್ನು ಸಾಲಾಗಿ ನಿಲ್ಲಿಸಿ
'ಮೀನು ಕೊಳೆತರೆ ನಾನು ವಾಪಸು ತಗೊಳ್ಳುವುದಿಲ್ಲವಾ?
ನೀನು ಯಾಕೆ ತಗೊಳ್ಳುವುದಿಲ್ಲ?'
ಅವನು ವಾಪಸು ತಗೊಳ್ಳಲಿಲ್ಲ,
ಹೊಸದನ್ನು ಉದ್ರಿ ಕೊಟ್ಟ.
ಈಗ ಮಡಕೆಯೊಳಗೆ ಮಡಕೆ, ನಡುವೆ ಒದ್ದೆ ಮರಳು.
ಮಳೆಗಾಲದಲ್ಲಿ ಕರೆಂಟು ಹೋದರೆ ಹೋಗಲಿ.

'ಇಷ್ಟು ಸಣ್ಣವಳಿಗಾ? ಅಷ್ಟು ಸಿಹಿ ತಿಂದಿದ್ದೆಯಾ?'
ಬಂದರಿಗೆ ಹೊಸದಾಗಿ ಬಂದವರೆಲ್ಲ ಕೇಳುತ್ತಾರೆ.
ಹಾಗಲಕಾಯಿ, ಅಮೃತಬಳ್ಳಿ, ಮೆಂತೆ ನೆನೆಸಿದ ನೀರು.
ಹೂಂ ಅನ್ನುತ್ತೇನೆ. ಎಲ್ಲರಿಗೂ ಉತ್ತರ ಕೊಡುವಷ್ಟು
ಸಕ್ಕರೆ ನನ್ನ ರಕ್ತದಲ್ಲಿ ಯಾವಾಗಲೂ ಇರುವುದಿಲ್ಲ.

ಒಮ್ಮೆ ಇರಲೇ ಇಲ್ಲ.
ದಾಮು ದುರ್ಗೇಕರ ದರ ಕೂಗುತ್ತಿದ್ದ, ನನಗೆ ಕೇಳಿಸುತ್ತಿದ್ದದ್ದು
ದೂರದ ಯಾವುದೋ ಬೋಟಿನ ಇಂಜಿನ್.
ಇಸವಣದ ಸಾಲಿನಲ್ಲಿ ತಾರಲೆ ಬರೆದೆ.
ಏಳುಗಳು ಗಾಳಿಗೆ ಬಗ್ಗಿದ ತೆಂಗಿನ ಹಾಗೆ ಬಗ್ಗಿದವು.
ಅವನು ಕೂಗುವುದನ್ನು ಅರ್ಧಕ್ಕೇ ಬಿಟ್ಟು
ಚಾದಂಗಡಿಯಿಂದ ಸಕ್ಕರೆ ಡಬ್ಬಿಯನ್ನೇ ಎತ್ತಿ ತಂದ.
'ನಿನ್ನ ಮುಖ ನೋಡಲಿಲ್ಲ, ಅಕ್ಷರ ನೋಡಿದೆ' ಅಂದ ಆಮೇಲೆ.
ಆ ದಿನದ ಬಂಗಡೆಗೆ ಎರಡು ನಿಮಿಷ ದರವಿರಲಿಲ್ಲ.

ಮೊನ್ನೆ ಮೇ ತಿಂಗಳ ಕೊನೆ.
ಅಂಕೋಲೆಯ ಕರಿ ಈಶಾಡು ಬಂದಿತ್ತು,
ಅಣ್ಣನ ಮಕ್ಕಳಿಗೆಂದು ಕೂತು ಐದಾರು ಸುಲಿದೆ.
ರಾತ್ರಿ ಮಲಗುವ ಮುಂಚೆ ಬೆರಳು ಚುಚ್ಚಿದರೆ
ಮುನ್ನೂರಾ ಎಪ್ಪತ್ತೆರಡು!
ತಿಂದದ್ದೇ ಇಲ್ಲ, ಎಲ್ಲಿಂದ ಬಂತು?
ಬಯ್ದುಕೊಂಡೆ, ಪೆನ್ನು ತಿರುಗಿಸಿದೆ,
ಟಿಕ್, ಟಿಕ್, ಒಂಬತ್ತರ ತನಕ.
ಅಂಗಿ ಎತ್ತುವಾಗ ಕೈ ಮೂಗಿನ ಹತ್ತಿರ ಬಂತು.
ಘಮ್ಮೆಂದಿತು.

ಸೋಪು ಹಾಕಿ ತೊಳೆದೆ. ಒರೆಸಿ, ಇನ್ನೊಂದು ಬೆರಳು.
ನೂರಾ ನಾಲ್ಕು.

ಸುಮ್ಮನೆ ಕೂತಿದ್ದೆ.
ಸಿಹಿಯಿದ್ದದ್ದು ಬೆರಳ ಮೇಲೆ.
ಒಂಬತ್ತು ಯೂನಿಟ್ ಒಳಗೆ ಹೋಗಿದ್ದರೆ
ಐದರ ಬೋಟಿಗೆ ಬೇರೆ ಯಾರೋ ಪುಸ್ತಕ ಬಿಡಿಸುತ್ತಿದ್ದರು.
ಪೆನ್ನನ್ನು ಒಂದೊಂದೇ ಟಿಕ್ ಹಿಂದಕ್ಕೆ ತಿರುಗಿಸಿದೆ,
ಏಳರಲ್ಲಿ ನಿಂತೆ, ನಾಲ್ಕರಲ್ಲಿ ನಿಂತೆ.

ಆಯಿ ಒಳಗಿನಿಂದ ಕೇಳಿದಳು, 'ಎಷ್ಟು ಬಂತೇ?'
'ಒಳ್ಳೆಯ ದರ' ಅಂದೆ.

ತಟ್ಟೆಯಲ್ಲಿ ಒಂದು ಗೊರಟೆ ಉಳಿದಿತ್ತು,
ಮಕ್ಕಳು ಅರ್ಧ ಚೀಪಿ ಬಿಟ್ಟದ್ದು.
ಪೆನ್ನು ಎರಡಕ್ಕೆ ಬಂದಾಗ
ಅಲ್ಲಿಯೇ ನಿಲ್ಲಿಸಿದೆ.